ಒಂಬತ್ತು ಮಾಜಿ ಸೈನಿಕರನ್ನು ಸಂದರ್ಶಿಸಿ ಒಬ್ಬರನ್ನೂ ತೆಗೆದುಕೊಳ್ಳಲಿಲ್ಲ. ತಪ್ಪು ನನ್ನದೇ?

ದಾಬಸ್‌ಪೇಟೆ ಗೋದಾಮು
ಎಲ್ಲರಿಗೂ ನಮಸ್ಕಾರ. ದಾಬಸ್‌ಪೇಟೆಯ ಬಳಿಯ ಒಂದು ಗೋದಾಮಿನಲ್ಲಿ ಸಿಬ್ಬಂದಿ ನೇಮಕಾತಿಯ ಕೆಲಸ ನನ್ನದು. ದಿನವೂ ರಾಜಾಜಿನಗರದಿಂದ ಹೋಗಿ ಬರುತ್ತೇನೆ. ಕಳೆದ ತಿಂಗಳು ಗೋದಾಮಿನ ಮೇಲ್ವಿಚಾರಕರ ಎರಡು ಹುದ್ದೆಗಳಿಗೆ ಅರ್ಜಿ ಕರೆದಾಗ ಬಂದವರಲ್ಲಿ ಒಂಬತ್ತು ಮಂದಿ ಮಾಜಿ ಸೈನಿಕರಿದ್ದರು. ಎಲ್ಲರೂ ನಲವತ್ತರ ಆಸುಪಾಸಿನವರು, ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಬಂದು ಕುಳಿತವರು. ಒಬ್ಬರನ್ನೂ ನಾನು ಆಯ್ಕೆ ಮಾಡಲಿಲ್ಲ.

ಅವರಲ್ಲಿ ಒಬ್ಬರು ಇನ್ನೂ ಕಣ್ಣ ಮುಂದಿದ್ದಾರೆ. ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕುಳಿತು, ಮೊಣಕಾಲಿನ ಮೇಲೆ ಪ್ಲಾಸ್ಟಿಕ್ ಫೈಲನ್ನು ಎರಡೂ ಅಂಗೈಗಳಿಂದ ಒತ್ತಿ ಹಿಡಿದಿದ್ದರು. ಹದಿನೇಳು ವರ್ಷಗಳಲ್ಲಿ ನೀವು ಸಾಧಿಸಿದ್ದೇನು ಎಂದು ಕೇಳಿದರೆ, "ಕೊಟ್ಟ ಡ್ಯೂಟಿ ಮಾಡಿದ್ದೇನೆ ಸರ್" ಎಂದರು. ನಿಮಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ ಎಂದರೆ, "ಎಲ್ಲಾ ಕೆಲಸವೂ ಬರುತ್ತದೆ ಸರ್" ಎಂದರು. ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ, ಅಂದರೆ ಸೇನೆ ಬಿಡುವಾಗ ಕೊಡುವ ದಾಖಲೆಯಲ್ಲಿ, ಟ್ರೇಡ್ ಎಂಬಲ್ಲಿ ಎಸ್‌ಕೆಟಿ ಎಂದು ಬರೆದಿತ್ತು. ಅದು ಯಾವುದೋ ಸೇನೆಯ ಕೋರ್ಸ್ ಇರಬೇಕೆಂದುಕೊಂಡು ಪುಟ ತಿರುವಿದೆ. ಅಂಕದ ಹಾಳೆಯ ಮೇಲೆ "ಸ್ಪಷ್ಟತೆ ಇಲ್ಲ" ಎಂದು ಬರೆದೆ.

ಮೇಲಿನವರಿಗೆ ವರದಿ ಕೊಟ್ಟಾಗ ಬಂದ ಉತ್ತರ ಇಷ್ಟೇ: "ಮಾಜಿ ಸೈನಿಕರಾದರೆ ಗೇಟಿಗೆ ಹಾಕಿಕೊಳ್ಳಿ." ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಸೇನೆಯಿಂದ ಹೊರಗೆ ಬರುವ ಮುನ್ನ ಇವರಿಗೆ ನಾಗರಿಕ ಉದ್ಯೋಗಕ್ಕೆಂದು ತರಬೇತಿ ಕೊಡುತ್ತಾರೆಯೇ? ಕೊಡುವುದಾದರೆ ಅದು ಸಂದರ್ಶನದ ಮೇಜಿನವರೆಗೆ ಏಕೆ ಬರುವುದಿಲ್ಲ? ಬಲ್ಲವರು ತಿಳಿಸಬೇಕು.

ವಿವೇಕನಗರ ಸುಬೇದಾರ್
ಎಸ್‌ಕೆಟಿ ಎಂದರೆ ಸ್ಟೋರ್‌ಕೀಪರ್ ಟೆಕ್ನಿಕಲ್, ಅಂದರೆ ದಾಸ್ತಾನಿನ ಲೆಕ್ಕ ನೋಡಿಕೊಳ್ಳುವ ಕೆಲಸ. ಸ್ವಾಮಿ, ನೀವು ಹುಡುಕುತ್ತಿದ್ದವರನ್ನೇ ಚಹಾ ಕೊಟ್ಟು ವಾಪಸು ಕಳುಹಿಸಿದ್ದೀರಿ.

ನಾನು ಸೇನೆಗೆ ರೇಷನ್, ಇಂಧನ ಪೂರೈಸುವ ಆರ್ಮಿ ಸರ್ವಿಸ್ ಕೋರ್‌ನಿಂದ ಪೆನ್ಷನ್ ಬಂದವನು. ನಮ್ಮ ಕೋರ್‌ನ ಕೇಂದ್ರ ಈ ಬೆಂಗಳೂರಿನಲ್ಲಿಯೇ ಇದೆ, ಆದರೂ ಅಲ್ಲಿ ಏನು ಕಲಿಸುತ್ತಾರೆಂದು ಊರಿನವರಿಗೆ ಗೊತ್ತಿಲ್ಲದಿರುವುದು ನೋಡಿ ನನಗೆ ಆಶ್ಚರ್ಯವೇನೂ ಆಗುವುದಿಲ್ಲ. ಆ ಮನುಷ್ಯ ಮಾಡಿರಬಹುದಾದ ಕೆಲಸವನ್ನು ಹೇಳುತ್ತೇನೆ ಕೇಳಿ. ಚಳಿಗಾಲದಲ್ಲಿ ಜೋಜಿ ಲಾ ಕಣಿವೆಯ ರಸ್ತೆ ಹಿಮದಿಂದ ಮುಚ್ಚಿಹೋಗುತ್ತದೆ. ಅದಕ್ಕೆ ಮೊದಲೇ, ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ, ಲಡಾಖಿನ ಪೋಸ್ಟುಗಳಿಗೆ ಇಡೀ ಚಳಿಗಾಲಕ್ಕೆ ಬೇಕಾದ ಹಿಟ್ಟು, ಬೇಳೆ, ಸೀಮೆಎಣ್ಣೆ, ಔಷಧಿ, ಬಟ್ಟೆಗಳನ್ನು ಏರಿಸಿ ಲೆಕ್ಕ ಹಾಕಿ ಇಡಬೇಕು. ನಿಮ್ಮ ಗೋದಾಮಿನಲ್ಲಿ ಮಾಲು ಮುಗಿದರೆ ಗ್ರಾಹಕ ಸಿಟ್ಟಾಗುತ್ತಾನೆ, ಅಷ್ಟೇ. ಅಲ್ಲಿ ಜನವರಿಯಲ್ಲಿ ಸೀಮೆಎಣ್ಣೆ ಮುಗಿದರೆ ರಸ್ತೆಯಿಂದ ಯಾರೂ ತಂದುಕೊಡುವುದಿಲ್ಲ. ಹಳೆಯ ಮಾಲು ಮೊದಲು ಹೊರಡಬೇಕು, ವೌಚರ್ ಇಲ್ಲದೆ ಒಂದು ಬೋಲ್ಟೂ ಕದಲಬಾರದು, ಲೆಡ್ಜರಿಗೂ ರ‍್ಯಾಕಿನ ಮಾಲಿಗೂ ತಾಳೆಯಾಗದಿದ್ದರೆ ವಿಚಾರಣೆ. ಇದನ್ನು ಹದಿನೇಳು ವರ್ಷ ಮಾಡಿದವರು "ಕೊಟ್ಟ ಡ್ಯೂಟಿ ಮಾಡಿದ್ದೇನೆ" ಎಂದರೆ, ಅದು ಅಸ್ಪಷ್ಟತೆಯಲ್ಲ. ನಾನು ಮಾಡಿದೆ, ನಾನು ಸಾಧಿಸಿದೆ ಎನ್ನುವವನನ್ನು ಪಲ್ಟನ್ನಿನಲ್ಲಿ ಬಡಾಯಿಕೋರ ಎನ್ನುತ್ತಾರೆ. ಹೆಸರು ಯೂನಿಟ್ಟಿಗೆ ಹೋಗಬೇಕೇ ಹೊರತು ಆಳಿಗಲ್ಲ ಎಂದು ಹದಿನೆಂಟನೆಯ ವಯಸ್ಸಿನಿಂದ ತಿದ್ದಿದ ನಾಲಿಗೆ ಅದು.

ಗವಿಪುರ
ಗೇಟಿಗೆ ಹಾಕಿಕೊಳ್ಳಿ ಎಂದ ಮಹಾಶಯರು ಲೆಡ್ಜರನ್ನು ಒಮ್ಮೆಯಾದರೂ ಮುಟ್ಟಿ ನೋಡಿದ್ದಾರೆಯೇ?

ಪೀಣ್ಯ ಎರಡನೇ ಹಂತ
ಭಾವಾವೇಶ ಬೇಡ. ಸುಬೇದಾರ್ ಅವರ ಮಾತು ಕೇಳಲು ಚೆನ್ನಾಗಿದೆ, ಆದರೆ ತನ್ನ ಕೆಲಸವನ್ನು ಎದುರಿಗಿರುವವರಿಗೆ ತಿಳಿಯುವಂತೆ ಹೇಳುವ ಹೊಣೆ ಅಭ್ಯರ್ಥಿಯದು. ಉಳಿದ ಅಭ್ಯರ್ಥಿಗಳೂ ಕಷ್ಟಪಟ್ಟು ಬಂದವರೇ. ನಮ್ಮ ಕಾರ್ಖಾನೆಯಲ್ಲಿ ಮೊದಲು ಆಡಳಿತ ವಿಭಾಗಕ್ಕೆ ಒಬ್ಬ ನಿವೃತ್ತ ಸೇನಾಧಿಕಾರಿಯನ್ನು ತಂದಿದ್ದರು. ಬೆಳಿಗ್ಗೆ ಎಂಟಕ್ಕೆ ಲೇತ್ ಯಂತ್ರದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾಜರಿ ತೆಗೆದುಕೊಳ್ಳಲು ಆರಂಭಿಸಿದರು. ಮೂರನೆಯ ವಾರಕ್ಕೆ ಒಳ್ಳೆಯ ಫಿಟ್ಟರುಗಳಿಬ್ಬರು ಪಕ್ಕದ ಶೆಡ್ಡಿಗೆ ಹೊರಟುಹೋದರು. ಶಿಸ್ತು ಬೇರೆ, ಸಂಘದವರ ಜೊತೆ, ಗುತ್ತಿಗೆದಾರರ ಜೊತೆ ಮಾತಾಡಿ ಕೆಲಸ ತೆಗೆಯುವುದು ಬೇರೆ. ಈ ಎರಡನೆಯದನ್ನು ಸೇನೆಯ ಯಾವ ತರಬೇತಿಯೂ ಕಲಿಸುವುದಿಲ್ಲ.

ವಿವೇಕನಗರ ಸುಬೇದಾರ್
ಒಬ್ಬ ಸಾಹೇಬರನ್ನು ನೋಡಿ ಹದಿಮೂರು ಲಕ್ಷ ಜನರನ್ನು ಅಳೆಯಬೇಡಿ.

ಪೀಣ್ಯ ಎರಡನೇ ಹಂತ
ಒಬ್ಬ ಸ್ಟೋರ್‌ಕೀಪರನ್ನು ನೋಡಿ ಎಲ್ಲರನ್ನೂ ಹೊಗಳುವುದೂ ಅದೇ ಲೆಕ್ಕವಲ್ಲವೇ, ಸಾಹೇಬರೇ?

ಯಲಹಂಕ ಗೃಹಿಣಿ
ತರಬೇತಿ ಕೊಡುತ್ತಾರೆಯೇ ಎಂಬುದು ಮೂಲ ಪ್ರಶ್ನೆಯಾಗಿತ್ತು. ಅದಕ್ಕೆ ಯಾರೂ ಉತ್ತರಿಸಿಲ್ಲ. ನಮ್ಮ ಯಜಮಾನರು ಹವಾಲ್ದಾರ್ ಆಗಿ ನಿವೃತ್ತರಾದವರು, ಆದ್ದರಿಂದ ಕಂಡದ್ದನ್ನು ಬರೆಯುತ್ತೇನೆ.

ಕೊಡುತ್ತಾರೆ. ರಕ್ಷಣಾ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ಇಲಾಖೆಯ ಕೆಳಗೆ ಪುನರ್ವಸತಿ ಮಹಾನಿರ್ದೇಶನಾಲಯ ಎಂಬುದಿದೆ, ಎಲ್ಲರೂ ಡಿಜಿಆರ್ ಎನ್ನುತ್ತಾರೆ. ನಿವೃತ್ತಿಗೆ ಹತ್ತಿರವಾದವರಿಗೆ ಅದರ ಮೂಲಕ ಆರು ತಿಂಗಳವರೆಗಿನ ಕೋರ್ಸುಗಳಿವೆ. ಸಿಪಾಯಿ, ಹವಾಲ್ದಾರರಿಗೂ ಸುಬೇದಾರ್ ಮಟ್ಟದ ಜೆಸಿಒಗಳಿಗೂ ಶುಲ್ಕವಿಲ್ಲ. ಅಧಿಕಾರಿಗಳು ಶುಲ್ಕದ ಶೇ. 40ರಷ್ಟು ಕೊಟ್ಟರೆ ಉಳಿದ 60ನ್ನು ಡಿಜಿಆರ್ ಭರಿಸುತ್ತದೆ. ಅಧಿಕಾರಿಗಳಿಗೆ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿಯೂ ವ್ಯವಹಾರ ನಿರ್ವಹಣೆಯ ಕೋರ್ಸ್ ನಡೆದಿದೆ.

ಇನ್ನು ಕಾಗದದ ಮೇಲಿಲ್ಲದ ಸಂಗತಿ. ಹದಿನಾರು ವರ್ಷ ವರ್ಷಕ್ಕೆರಡು ರಜೆಯಲ್ಲಿ ಮಾತ್ರ ಮಕ್ಕಳ ಮುಖ ನೋಡಿದವರಿಗೆ, ಆ ಕೋರ್ಸ್ ಎಂದರೆ ಮೊದಲು ಕಾಣುವುದು ಮನೆಗೆ ಹತ್ತಿರವಿರುವ ಆರು ತಿಂಗಳು. ನಮ್ಮವರು ವಿಷಯ ನೋಡಿ ಆರಿಸಲಿಲ್ಲ, ಊರು ನೋಡಿ ಆರಿಸಿದರು. ಬೆಳಿಗ್ಗೆ ತರಗತಿ, ಮಧ್ಯಾಹ್ನದ ಮೇಲೆ ಕಟ್ಟುತ್ತಿದ್ದ ಮನೆಗೆ ನೀರು ಹಾಕುವುದು. ಪ್ರಮಾಣಪತ್ರ ಬಂತು, ಅದರಲ್ಲಿದ್ದ ವಿಷಯ ನನಗೂ ನೆನಪಿಲ್ಲ, ಅವರಿಗೂ ನೆನಪಿಲ್ಲ. ಅದಕ್ಕೆ ಅವರನ್ನು ನಾನು ದೂರುವುದಿಲ್ಲ, ಆ ಆರು ತಿಂಗಳು ನನಗೂ ಬೇಕಾಗಿತ್ತು.

ವಿವೇಕನಗರ ಸುಬೇದಾರ್
ತಾಯಿ, ನೀವು ಬರೆದದ್ದು ನೂರಕ್ಕೆ ನೂರು ಸತ್ಯ. ನನ್ನ ಕೈಕೆಳಗಿನ ಹುಡುಗರಿಗೆ ನಾನೇ "ಹತ್ತಿರದ್ದನ್ನು ತಗೊಳ್ಳೋ" ಎಂದು ಹೇಳಿ ಕಳುಹಿಸಿದ್ದೇನೆ.

ಜಾಲಹಳ್ಳಿ ಪೂರ್ವ
ನಾನು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನದ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿದವನು. ಹೊರಗೆ ಬಂದ ಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಿಂತಿರುವ ನಾಗರಿಕ ವಿಮಾನಕ್ಕೆ, ಇದು ಹಾರಾಟಕ್ಕೆ ಸರಿಯಿದೆ ಎಂದು ಸಹಿ ಹಾಕುವ ಹಕ್ಕು ನನಗೆ ತಾನಾಗಿ ಬರುವುದಿಲ್ಲ. ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸಿಎಆರ್-66 ಪರವಾನಗಿ ಬೇಕು. ಎಂಜಿನ್ ಮತ್ತು ಯಾಂತ್ರಿಕ ವ್ಯವಸ್ಥೆಗಳಿಗೆ ಬಿ1, ಏವಿಯಾನಿಕ್ಸಿಗೆ, ಅಂದರೆ ವಿಮಾನದ ಎಲೆಕ್ಟ್ರಾನಿಕ್ ವ್ಯವಸ್ಥೆಗಳಿಗೆ, ಬಿ2. ಮಾಡ್ಯೂಲ್ ಮಾಡ್ಯೂಲಾಗಿ ಪರೀಕ್ಷೆ ಬರೆದು ಪ್ರತಿಯೊಂದರಲ್ಲಿಯೂ ಶೇ. 75 ಅಂಕ ಪಡೆಯಬೇಕು. ಸೇನೆಯ ಅನುಭವವನ್ನು ಪರಿಗಣಿಸುತ್ತಾರೆ, ಆದರೆ ನಾಗರಿಕ ವಿಮಾನಗಳ ಮೇಲೆ ಮಾಡಿದ ಕೆಲಸವನ್ನೂ ಕೇಳುತ್ತಾರೆ.

ನಾನು ಸೇವೆಯ ಕೊನೆಯ ನಾಲ್ಕು ವರ್ಷಗಳಲ್ಲಿ, ರಾತ್ರಿ ಪಾಳಿ ಮುಗಿಸಿ ಬ್ಯಾರಕ್ಕಿನ ಮೆಟ್ಟಿಲ ಮೇಲೆ ದೀಪದ ಕೆಳಗೆ ಕುಳಿತು ಮಾಡ್ಯೂಲುಗಳನ್ನು ಓದಿದೆ. ನನಗಿಂತ ಕೈಚಳಕವಿದ್ದ ಗೆಳೆಯನೊಬ್ಬ, ಹೊರಗೆ ಹೋದ ಮೇಲೆ ನೋಡೋಣವೆಂದ. ಹೊರಗೆ ಬಂದ ಮೇಲೆ ಮಗಳ ಕಾಲೇಜು ಶುಲ್ಕ, ಮನೆಯ ಸಾಲದ ಕಂತು ಎದುರಾದವು. ಓದಲು ಯಾರು ಬಿಡುತ್ತಾರೆ? ಅವನೀಗ ಬೆಳ್ಳಂದೂರಿನ ಒಂದು ವಸತಿ ಸಮುಚ್ಚಯದಲ್ಲಿ ಲಿಫ್ಟ್ ಮತ್ತು ಜನರೇಟರ್ ನೋಡಿಕೊಳ್ಳುತ್ತಾನೆ. ನನ್ನ ಮಟ್ಟಿಗೆ ಹೇಳುವುದಾದರೆ, ಕೊನೆಯ ಆರು ತಿಂಗಳ ಕೋರ್ಸಿಗಿಂತ ಕೊನೆಯ ನಾಲ್ಕು ವರ್ಷಗಳ ಮೆಟ್ಟಿಲೇ ಕೆಲಸಕ್ಕೆ ಬಂತು.

ಹೊಸೂರು ರಸ್ತೆ ಸೆಕ್ಯುರಿಟಿ
ನಾನು ಭದ್ರತಾ ಏಜೆನ್ಸಿಯೊಂದರಲ್ಲಿ ಕೆಲಸ ಮಾಡುತ್ತೇನೆ, ಬೈಗುಳ ನಮಗೂ ಬರುತ್ತದೆಂದು ಗೊತ್ತು. ಆದರೂ ಗೇಟಿನ ದಾರಿ ಏಕೆ ಇಷ್ಟು ಸಲೀಸು ಎಂಬುದಕ್ಕೆ ಕಾರಣವಿದೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳ ಪ್ರಕಾರ ಸಾಮಾನ್ಯ ಅಭ್ಯರ್ಥಿಗೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಬೇಕು. ಮಾಜಿ ಸೈನಿಕರಿಗೆ 40 ಗಂಟೆ ತರಗತಿ, 16 ಗಂಟೆ ಕ್ಷೇತ್ರ ತರಬೇತಿ ಸಾಕು. ಏಳು ದಿನದಲ್ಲಿ ಸಮವಸ್ತ್ರ ತೊಡಿಸಬಹುದು. ಸೇನೆಯಲ್ಲಿ ಕಲಿತದ್ದನ್ನು ಇಷ್ಟು ಸ್ಪಷ್ಟವಾಗಿ ಗಂಟೆಗಳ ಲೆಕ್ಕದಲ್ಲಿ ಮನ್ನಿಸಿದ ಇನ್ನೊಂದು ಖಾಸಗಿ ಉದ್ಯೋಗವನ್ನು ನಾನಂತೂ ಕಂಡಿಲ್ಲ. ನೀರು ಇಳಿಜಾರಿನ ಕಡೆಗೆ ಹರಿಯುತ್ತದೆ.

ಗವಿಪುರ
ಎಲ್ಲವೂ ಸರಿ, ಹದಿನೈದು ವರ್ಷ ಸೇವೆ ಮಾಡಿದವರನ್ನು ಪದವೀಧರರೆಂದು ಪರಿಗಣಿಸುತ್ತಾರಲ್ಲ? ಹಾಗಿದ್ದ ಮೇಲೆ ಇಷ್ಟು ತೊಂದರೆ ಏಕೆ?

ನಿಯಮ ಪುಸ್ತಕ
ಅರ್ಧ ಸತ್ಯ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆಂದು ಮೀಸಲಾದ ಸ್ಥಾನಗಳಿಗೆ ಮಾತ್ರ, ಅದೂ ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಲ್ಲದ ಹುದ್ದೆಗಳಿಗೆ, ಮೆಟ್ರಿಕ್ ಮುಗಿಸಿ ಕನಿಷ್ಠ ಹದಿನೈದು ವರ್ಷ ಸೇವೆ ಸಲ್ಲಿಸಿದವರನ್ನು ಪದವೀಧರರಿಗೆ ಸಮಾನರೆಂದು ಪರಿಗಣಿಸುತ್ತಾರೆ. ಆ ಕಾಗದ ಹಿಡಿದುಕೊಂಡು ಎಂಬಿಎ ಸೇರಲು ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಖಾಸಗಿ ಸಂಸ್ಥೆಗೆ ಅದನ್ನು ಒಪ್ಪಲೇಬೇಕೆಂಬ ಕಟ್ಟಳೆಯಿಲ್ಲ, ಒಪ್ಪಬಾರದೆಂಬ ಕಟ್ಟಳೆಯೂ ಇಲ್ಲ.

ಮೀಸಲಾತಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕೇಂದ್ರದ ಗ್ರೂಪ್ ಸಿಯಲ್ಲಿ ಶೇ. 10, ಹಿಂದೆ ಗ್ರೂಪ್ ಡಿ ಎನಿಸಿಕೊಂಡಿದ್ದ ಹುದ್ದೆಗಳಲ್ಲಿ ಶೇ. 20. ಸಾರ್ವಜನಿಕ ಉದ್ದಿಮೆಗಳಲ್ಲಿಯೂ ರಾಷ್ಟ್ರೀಕೃತ ಬ್ಯಾಂಕುಗಳಲ್ಲಿಯೂ ಇವು 14.5 ಮತ್ತು 24.5. ಆದ್ದರಿಂದಲೇ ನಿವೃತ್ತರಾದವರೆಲ್ಲ ಮೊದಲು ಬ್ಯಾಂಕ್ ಪರೀಕ್ಷೆಯ ಪುಸ್ತಕ ಕೊಳ್ಳುತ್ತಾರೆ.

ಯಲಹಂಕ ಗೃಹಿಣಿ
ರಾಜ್ಯ ಸರ್ಕಾರದ ಪರೀಕ್ಷೆಯ ಬಗ್ಗೆ ಒಂದು ಮಾತು. ಲೋಕಸೇವಾ ಆಯೋಗದ ಕಡ್ಡಾಯ ಕನ್ನಡ ಪರೀಕ್ಷೆಗೆ ನಮ್ಮವರು ಕುಳಿತಾಗ ಅರ್ಧ ಪುಟದ ಪತ್ರ ಬರೆಯಲು ಒದ್ದಾಡಿದರು. ಕೊಪ್ಪಳದ ಶಾಲೆಯಲ್ಲಿ ಕನ್ನಡದಲ್ಲಿ ಮೊದಲಿಗರಾಗಿದ್ದವರು! ಹದಿನಾರು ವರ್ಷ ಹಿಂದಿಯಲ್ಲಿಯೇ ರಪಟ್ ಬರೆದ ಕೈಗೆ ಒತ್ತಕ್ಷರ ತಪ್ಪುತ್ತಿತ್ತು. ಮಗಳ ಕಾಪಿ ಪುಸ್ತಕದಲ್ಲಿ ಅವಳ ಪಕ್ಕದಲ್ಲೇ ಕುಳಿತು ತಿದ್ದಿ ಬರೆದು ಕಲಿತರು. ಪುನರ್ವಸತಿ ಕೋರ್ಸಿನಲ್ಲಿ ಅವರವರ ಊರಿನ ಭಾಷೆಗೂ ಒಂದು ತಿಂಗಳು ಇಟ್ಟರೆ ಏನು ನಷ್ಟವೋ ತಿಳಿಯದು.

ವೈಟ್‌ಫೀಲ್ಡ್ ಕೋಡು
ಅಮೆರಿಕದಲ್ಲಿ ಸ್ಕಿಲ್‌ಬ್ರಿಜ್ ಎಂಬ ವ್ಯವಸ್ಥೆಯಿದೆ. ಸೇವೆಯ ಕೊನೆಯ 180 ದಿನಗಳವರೆಗೆ ಸೈನಿಕರು ನಾಗರಿಕ ಸಂಸ್ಥೆಯಲ್ಲಿ ಕುಳಿತು ಕೆಲಸ ಕಲಿಯಬಹುದು, ಸಂಬಳವನ್ನು ಸೇನೆಯೇ ಕೊಡುತ್ತದೆ. ಸಂಸ್ಥೆಗೆ ಖರ್ಚಿಲ್ಲ, ಸೈನಿಕನಿಗೆ ಆದಾಯ ನಿಲ್ಲುವುದಿಲ್ಲ. ಅಲ್ಲಿ ಸೇನೆಯ ಟ್ರೇಡ್ ಸಂಕೇತವನ್ನು ಹಾಕಿದರೆ ಹೊಂದುವ ನಾಗರಿಕ ಉದ್ಯೋಗಗಳನ್ನು ತೋರಿಸುವ ಸರ್ಕಾರಿ ತಾಣವೂ ಇದೆ. ದಾಬಸ್‌ಪೇಟೆಯವರ ಬಳಿ ಅಂಥದ್ದೊಂದು ಇದ್ದಿದ್ದರೆ ಎಸ್‌ಕೆಟಿ ಎಂದು ಒತ್ತಿ ನೋಡುತ್ತಿದ್ದರು.

ಪೀಣ್ಯ ಎರಡನೇ ಹಂತ
ಬಂತು ಅಮೆರಿಕ. ಆದರೂ ಈ ಮಾತನ್ನು ಒಪ್ಪುತ್ತೇನೆ: ತರಗತಿಯ ಬದಲು ಶಾಪ್ ಫ್ಲೋರಿನಲ್ಲಿ ಆರು ತಿಂಗಳು ಕೆಲಸ ಮಾಡಿದ್ದರೆ ನಮ್ಮ ಆ ಸಾಹೇಬರಿಗೂ ಫಿಟ್ಟರುಗಳ ಜೊತೆ ಮಾತಾಡುವ ಬಗೆ ತಿಳಿಯುತ್ತಿತ್ತು.

ಹಾಸನದ ಹಳೆ ಬಸ್ಸು
ಇಷ್ಟೆಲ್ಲ ಏಕೆ? ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಸೇನೆಯಿಂದ ಬಂದು ರೇಷ್ಮೆ ಬೆಳೆದು, 2003ರಲ್ಲಿ ಏರ್ ಡೆಕ್ಕನ್ ಕಟ್ಟಲಿಲ್ಲವೇ? ಮನಸ್ಸಿದ್ದರೆ ಮಾರ್ಗ.

ಜಾಲಹಳ್ಳಿ ಪೂರ್ವ
ಅವರ ಬಗ್ಗೆ ಗೌರವವಿದೆ. ಆದರೆ ಅವರು ಎಂಟು ವರ್ಷ ಸೇವೆ ಮಾಡಿ ಮೂವತ್ತು ತುಂಬುವ ಮೊದಲೇ ಹೊರಬಂದ ಅಧಿಕಾರಿ. ಹದಿನೆಂಟಕ್ಕೆ ಸಿಪಾಯಿಯಾಗಿ ಸೇರಿ, ನಲವತ್ತಕ್ಕೆ ಇಬ್ಬರು ಮಕ್ಕಳ ಜೊತೆ ಹೊರಬರುವವರಿಗೆ ಆ ಉದಾಹರಣೆ ಕೊಟ್ಟರೆ ಅವರು ಸಭ್ಯತೆಯಿಂದ ತಲೆಯಾಡಿಸುತ್ತಾರೆ, ಅಷ್ಟೇ.

ಕೆಂಗೇರಿ ಚಿಕ್ಕಪ್ಪ
ನನ್ನ ಅಣ್ಣನ ಮಗ ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಅಗ್ನಿವೀರನಾಗಿದ್ದಾನೆ. ನಾಲ್ಕು ವರ್ಷ ಮುಗಿದ ಮೇಲೆ ಅವನಿಗೂ ಮಾಜಿ ಸೈನಿಕರ ಕೋಟಾ ಸಿಗುತ್ತದೆ ಎಂದು ಎಲ್ಲರೂ ಧೈರ್ಯ ಹೇಳುತ್ತಿದ್ದೇವೆ.

ನಿಯಮ ಪುಸ್ತಕ
ಚಿಕ್ಕಪ್ಪನವರೇ, ಆ ಧೈರ್ಯವನ್ನು ಇವತ್ತೇ ಹಿಂದಕ್ಕೆ ತೆಗೆದುಕೊಳ್ಳಿ. 2022ರ ಜೂನಿನಲ್ಲಿ ಘೋಷಿಸಿದ ಅಗ್ನಿಪಥ ಯೋಜನೆಯ ಪ್ರಕಾರ ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯೂ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನವೂ ಇಲ್ಲ. ಕಾಯಂ ಸೇವೆಗೆ ಉಳಿಯುವವರು ಶೇ. 25ರವರೆಗೆ. ಹೊರಬರುವವರಿಗೆ ಸೇವಾ ನಿಧಿ ಎಂದು ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸಿಗುತ್ತದೆ, ಅದರಲ್ಲಿ ಅರ್ಧ ಅವನದೇ ಸಂಬಳದಿಂದ ತಿಂಗಳು ತಿಂಗಳು ಶೇ. 30ರಂತೆ ಕಡಿತವಾದ ಹಣ. ಅಗ್ನಿವೀರರಿಗೆಂದು ಬೇರೆ ಮೀಸಲಾತಿಗಳಿವೆ, ಅವುಗಳ ಅಧಿಸೂಚನೆಗಳನ್ನು ಬೇರೆಯಾಗಿಯೇ ಗಮನಿಸಬೇಕು.

ಒಂದು ಒಳ್ಳೆಯ ಸಂಗತಿಯೂ ಇದೆ. ಇಗ್ನೋ ವಿಶ್ವವಿದ್ಯಾಲಯ ಅಗ್ನಿವೀರರಿಗಾಗಿ ಮೂರು ವರ್ಷದ ಪದವಿ ರೂಪಿಸಿದೆ; ಅರ್ಧದಷ್ಟು ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಬರುತ್ತದೆ, ಉಳಿದ ಅರ್ಧವನ್ನು ಓದಿ ಗಳಿಸಬೇಕು. ಇದು ನಿಜವಾದ ಪದವಿ, ನಾನು ಮೇಲೆ ಹೇಳಿದ ಸಮಾನತೆಯ ಕಾಗದವಲ್ಲ. ಹುಡುಗ ನೋಂದಾಯಿಸಿಕೊಂಡಿದ್ದಾನೆಯೇ?

ಕೆಂಗೇರಿ ಚಿಕ್ಕಪ್ಪ
ಕೇಳಿ ತಿಳಿಸುತ್ತೇನೆ. ಇದನ್ನು ಅವನ ತಾಯಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೇನೆ. ಹುಡುಗ ಅಗೆಯುವ ಯಂತ್ರ ನಡೆಸುವುದನ್ನು ಕಲಿತಿದ್ದಾನೆ, ರಜೆಗೆ ಬಂದಾಗ ನಮ್ಮ ಬೀದಿಯಲ್ಲಿ ಕಾವೇರಿ ಪೈಪಿಗೆ ಗುಂಡಿ ತೆಗೆಯುತ್ತಿದ್ದ ಜೆಸಿಬಿಯವನ ಪಕ್ಕ ನಿಂತು ಗಂಟೆಗಟ್ಟಲೆ ನೋಡುತ್ತಿದ್ದ.

ಗವಿಪುರ
ಹಾಗಾದರೆ ಅವನು ಬದುಕಿಕೊಳ್ಳುತ್ತಾನೆ. ಅಂದ ಹಾಗೆ, ಅಗ್ನಿವೀರರಿಗೆ ಕ್ಯಾಂಟೀನ್ ಕಾರ್ಡ್ ಇರುತ್ತದೆಯೇ? ನನ್ನ ಸ್ನೇಹಿತನ ಕಾರ್ಡಿನಲ್ಲಿ ಪ್ರೆಶರ್ ಕುಕ್ಕರ್

ಜಗಲಿ ನಿರ್ವಾಹಕ
ಕುಕ್ಕರಿಗೆ ಬೇರೆ ಚರ್ಚೆ ತೆರೆಯಬಹುದು. ಇಲ್ಲಿ ಬೇಡ.

ವಿವೇಕನಗರ ಸುಬೇದಾರ್
ದಾಬಸ್‌ಪೇಟೆಯವರಿಗೆ ಸಂದರ್ಶನ ಹೇಗೆ ಮಾಡಬೇಕೆಂದೂ ಹೇಳಿಬಿಡುತ್ತೇನೆ. ಸಾಧನೆ, ಬಲ, ದೌರ್ಬಲ್ಯ, ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂಬ ಪ್ರಶ್ನೆಗಳನ್ನು ಪಕ್ಕಕ್ಕಿಡಿ. ಐದು ವರ್ಷದ ನಂತರ ಎಲ್ಲಿರಬೇಕೆಂದು ನಮ್ಮನ್ನು ಯಾರೂ ಕೇಳಿರಲಿಲ್ಲ, ಆರ್ಡರ್ ಬರುತ್ತಿತ್ತು. ಅದರ ಬದಲು ಕೊನೆಯ ಪೋಸ್ಟಿಂಗ್ ಎಲ್ಲಿ, ಬೆಳಿಗ್ಗೆ ಎದ್ದ ಮೇಲೆ ಸಂಜೆಯವರೆಗೆ ಕೈಯಲ್ಲಿ ಏನಿರುತ್ತಿತ್ತು, ಎಷ್ಟು ಬಾಬತ್ತಿನ ಲೆಕ್ಕ ನಿಮ್ಮ ಸಹಿಯ ಮೇಲೆ ನಡೆಯುತ್ತಿತ್ತು, ಲೆಕ್ಕ ತಪ್ಪಿದ ದಿನ ಏನಾಯಿತು ಎಂದು ಕೇಳಿ. ಆಮೇಲೆ ನೀವು ಸುಮ್ಮನೆ ಕುಳಿತುಕೊಳ್ಳಿ. ಸಾಧ್ಯವಾದರೆ ಮೇಜಿನ ಮುಂದೆ ಕೂರಿಸದೆ ಗೋದಾಮಿನೊಳಗೆ ನಡೆಸಿಕೊಂಡು ಹೋಗಿ.

ನಮ್ಮವರ ಕೊರತೆಯನ್ನೂ ಮುಚ್ಚಿಡುವುದಿಲ್ಲ. ನಿಮ್ಮ ಕಂಪ್ಯೂಟರಿನ ದಾಸ್ತಾನು ತಂತ್ರಾಂಶ ಬಹಳ ಮಂದಿಗೆ ಬರುವುದಿಲ್ಲ, ಎಕ್ಸೆಲ್ ಕೂಡ ಅಷ್ಟಕ್ಕಷ್ಟೇ. ಮೇಲಿನವರು ತಪ್ಪು ಹೇಳಿದಾಗ "ಇದು ತಪ್ಪು" ಎನ್ನಲು ಮೊದಲ ವರ್ಷ ನಾಲಿಗೆ ಹೊರಳುವುದಿಲ್ಲ. ತಂತ್ರಾಂಶವನ್ನು ಎರಡು ತಿಂಗಳಲ್ಲಿ ಕಲಿಸಬಹುದು; ಎರಡನೆಯದಕ್ಕೆ ನೀವೇ ತಾಳ್ಮೆಯಿಂದಿರಬೇಕು. ಇನ್ನು ಮುಂದೆ ಹುದ್ದೆ ಖಾಲಿಯಾದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿರುವ ರಾಜ್ಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ತಿಳಿಸಿ, ಟ್ರೇಡಿನ ಹೆಸರು ಹಾಕಿಯೇ ಕೇಳಿ. "ಮಾಜಿ ಸೈನಿಕರು ಬೇಕಾಗಿದ್ದಾರೆ" ಎಂದಷ್ಟೇ ಬರೆದರೆ ಎಲ್ಲರೂ ಅದನ್ನು ಗೇಟ್ ಎಂದೇ ಓದಿಕೊಳ್ಳುತ್ತಾರೆ.

ದಾಬಸ್‌ಪೇಟೆ ಗೋದಾಮು
ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಅಂದು ಫೈಲ್ ಹಿಡಿದು ಕುಳಿತಿದ್ದವರಿಗೆ ದೂರವಾಣಿ ಮಾಡಿ ಕ್ಷಮೆ ಕೇಳಿ ಮತ್ತೊಮ್ಮೆ ಕರೆದೆ. ಈ ಬಾರಿ ಕುರ್ಚಿ ಹಾಕಲಿಲ್ಲ, ನೇರವಾಗಿ ಒಳಗೆ ಕರೆದುಕೊಂಡು ಹೋದೆ.

ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಮಾಲು ಇಳಿಸುವ ಕಟ್ಟೆಯ ಬಳಿಯ ದೊಡ್ಡ ತೂಕದ ಯಂತ್ರದ ಎದುರು ನಿಂತರು, ಬಗ್ಗಿದರು. ಅದರ ಒಂದು ಕಾಲಿನ ಕೆಳಗೆ ಯಾರೋ ರಟ್ಟು ಮಡಚಿ ಇಟ್ಟಿದ್ದರು. ನಾನು ಮೂರು ವರ್ಷದಿಂದ ಅದರ ಪಕ್ಕದಲ್ಲಿಯೇ ಓಡಾಡುತ್ತಿದ್ದೇನೆ. ನಂತರ ಯಂತ್ರದ ಬೆನ್ನ ಕಡೆ ಬೆರಳಿನಿಂದ ಧೂಳು ಒರೆಸಿ, "ಸರ್, ಮಾಪನ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು, ಇದರದ್ದು ಮುಗಿದು ನಾಲ್ಕು ತಿಂಗಳಾಗಿದೆ" ಎಂದರು. ಮೂರನೆಯ ಸಾಲಿನಲ್ಲಿ ಹೊಸ ಬ್ಯಾಚಿನ ಪೆಟ್ಟಿಗೆಗಳನ್ನು ಹಳೆಯದರ ಮುಂದೆ ಜೋಡಿಸಿದ್ದನ್ನೂ ತೋರಿಸಿದರು. ಕೊನೆಯ ಪೋಸ್ಟಿಂಗ್ ಎಲ್ಲಿ ಎಂದು ಕೇಳಿದೆ. ಲೇಹ್ ಎಂದರು, ಆಮೇಲೆ ಸುಬೇದಾರ್ ಅವರು ಹೇಳಿದಂತೆ ಸುಮ್ಮನಿದ್ದೆ, ಅವರು ಮುಕ್ಕಾಲು ಗಂಟೆ ಮಾತಾಡಿದರು.

ಮೇಲಿನವರು ಆರು ತಿಂಗಳ ಪರೀಕ್ಷಾರ್ಥ ಅವಧಿಗೆ ಒಪ್ಪಿದ್ದಾರೆ, ಸಂಬಳ ಮೇಲ್ವಿಚಾರಕರದ್ದೇ. ಈಗ ಇನ್ನೊಂದು ತೊಡಕು. ನಮ್ಮ ನೇಮಕಾತಿ ತಂತ್ರಾಂಶದಲ್ಲಿ ವಿದ್ಯಾರ್ಹತೆ ಎಂಬಲ್ಲಿ ಪದವಿ ಎಂದು ತುಂಬದೆ ಮುಂದಿನ ಪುಟಕ್ಕೆ ಹೋಗಲು ಬರುವುದಿಲ್ಲ. ಅವರು ಓದಿರುವುದು ಪಿಯುಸಿ. ಏನು ಮಾಡಲಿ?

ನಿಯಮ ಪುಸ್ತಕ
ಪದವಿ ಎಂದು ಮಾತ್ರ ತುಂಬಬೇಡಿ, ನಾಳೆ ಅವರ ತಲೆಗೇ ಬರುತ್ತದೆ. ನಿಮ್ಮ ತಂತ್ರಾಂಶ ವಿಭಾಗಕ್ಕೆ ಹೇಳಿ "ತತ್ಸಮಾನ ಸೇವಾನುಭವ" ಎಂಬ ಆಯ್ಕೆಯೊಂದನ್ನು ಸೇರಿಸಲು ಸಾಧ್ಯವೇ ನೋಡಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಟ್ರೇಡ್ ಮತ್ತು ಸೇವಾವಧಿ ಇರುವ ಪುಟಗಳನ್ನು ಲಗತ್ತಿಸಿ.

ಪೀಣ್ಯ ಎರಡನೇ ಹಂತ
ಆಯ್ಕೆ ಸೇರಿಸುವಾಗ ಉಳಿದ ಎಂಟು ಮಂದಿಯ ಟ್ರೇಡ್ ಏನಿತ್ತೆಂದೂ ಒಮ್ಮೆ ತೆಗೆದು ನೋಡಿ.

ದಾಬಸ್‌ಪೇಟೆ ಗೋದಾಮು
ನೋಡುತ್ತಿದ್ದೇನೆ. ಇಬ್ಬರದು ಡಿಎಂಟಿ ಎಂದಿದೆ. ಅದೇನು, ಸುಬೇದಾರ್ ಅವರೇ?